ಗಾಯಕ ಇಲ್ಲ, ಹಾಡು ಬಂತು: ರಿಲೀಸ್ ಮಾಡೋ ಹಕ್ಕು ಯಾರದ್ದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಕೇಳೋಕೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಿಮ್ಮ ಮೊಬೈಲ್‌ಗೆ ಒಂದು ನೋಟಿಫಿಕೇಶನ್ ಬರುತ್ತೆ: ನೀವು ಫಾಲೋ ಮಾಡ್ತಿರೋ ಗಾಯಕನ ಹೊಸ ಹಾಡು ರಿಲೀಸ್ ಆಗಿದೆ ಅಂತ. ಒತ್ತಿ ಕೇಳ್ತೀರಿ. ದನಿ ಅವರದ್ದೇ. ಆದ್ರೆ ಅವರು ತೀರಿಕೊಂಡು ತಿಂಗಳುಗಳೇ ಆಗಿವೆ.

ಪಂಜಾಬಿ ಗಾಯಕ ಸಿಧು ಮೂಸೆವಾಲಾ ವಿಷಯದಲ್ಲಿ ಆಗಿದ್ದು ಇದೇ. 2022ರ ಮೇ 29ರಂದು ಪಂಜಾಬಿನ ಮಾನ್ಸಾ ಜಿಲ್ಲೆಯಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಒಂದು ತಿಂಗಳೂ ತುಂಬಿರಲಿಲ್ಲ, ಜೂನ್ 23ಕ್ಕೆ 'ಎಸ್‌ವೈಎಲ್' ಅನ್ನೋ ಹಾಡು ಬಂತು. ಸಟ್ಲೆಜ್–ಯಮುನಾ ಕಾಲುವೆ ವಿವಾದದ ಹಾಡು ಅದು. ಕೆಲವೇ ದಿನಗಳಲ್ಲಿ ಭಾರತದ ಯೂಟ್ಯೂಬ್‌ನಲ್ಲಿ ಅದು ಸಿಗದ ಹಾಗಾಯ್ತು, ಸರ್ಕಾರದಿಂದ ಬಂದ ಕಾನೂನು ದೂರು ಕಾರಣ ಅಂತ ಯೂಟ್ಯೂಬ್ ತೋರಿಸಿತು. ಅದಾದ ಮೇಲೂ 'ವಾರ್', 'ಮೇರಾ ನಾ', 'ಚೋರ್ನಿ' ಅಂತ ಹಾಡುಗಳು ಬಂದವು.

ಈಗ ಯೋಚನೆ ಮಾಡಿ. ಹಾಡಿದವರು ಇಲ್ಲ. 'ಇದು ಬೇಡ', 'ಆ ಸಾಲು ಬದಲಿಸಿ', 'ಮಿಕ್ಸಿಂಗ್ ಸರಿ ಇಲ್ಲ' ಅಂತ ಹೇಳೋಕೆ ಅವರಿಗೆ ಆಗಲ್ಲ. ಹಾಗಿದ್ರೆ ರಿಲೀಸ್ ಮಾಡಬೇಕೋ ಬೇಡವೋ ಅಂತ ತೀರ್ಮಾನ ಮಾಡೋರು ಯಾರು? ಅಪ್ಪ ಅಮ್ಮನಾ? ಮ್ಯೂಸಿಕ್ ಕಂಪನಿಯಾ? ಅಥವಾ 'ನಮ್ಗೆ ಇನ್ನೂ ಬೇಕು' ಅಂತ ಕಮೆಂಟ್ ಹಾಕೋ ನಾವಾ? ಒಂದೊಂದಾಗಿ ನೋಡೋಣ.

ರಿಲೀಸ್ ಆಗದ ಹಾಡು ಅಂದ್ರೆ ಏನು?

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. 'ರಿಲೀಸ್ ಆಗದ ಹಾಡು' ಅಂದ ತಕ್ಷಣ, ಎಲ್ಲ ಮುಗಿದು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಹಾಡು ಅಂತ ನಾವು ಅಂದ್ಕೋತೀವಿ. ಬಹಳ ಸಲ ಹಾಗಿರಲ್ಲ.

ಹಾಡೊಂದು ಹುಟ್ಟೋವಾಗ ಮೊದಲು ಬರೋದು ಡೆಮೊ. ಟ್ಯೂನ್ ಮರೆತು ಹೋಗಬಾರದು ಅಂತ ಮೊಬೈಲ್‌ನಲ್ಲೋ ಸ್ಟುಡಿಯೋದಲ್ಲೋ ಗುನುಗಿ ಇಟ್ಟುಕೊಂಡಿದ್ದು. ಪದಗಳೇ ಇರಲ್ಲ, ಇದ್ರೂ ಅರ್ಥ ಇರಲ್ಲ. ನಮ್ಮ ಸಿನಿಮಾ ಹಾಡುಗಳಲ್ಲೂ ಡಮ್ಮಿ ಲಿರಿಕ್ಸ್ ಹಾಕಿ ಟ್ಯೂನ್ ಮಾಡ್ತಾರೆ, ಟ್ರ್ಯಾಕ್ ಸಿಂಗರ್ ಹಾಡಿಟ್ಟ ಮೇಲೆ ಮುಖ್ಯ ಗಾಯಕರು ಬಂದು ಹಾಡ್ತಾರೆ, ಅಲ್ವಾ? ಅದೇ ಥರ. ಎರಡನೇ ಹಂತದಲ್ಲಿ ದನಿ ರೆಕಾರ್ಡ್ ಆಗಿರುತ್ತೆ, ವಾದ್ಯಗಳು ಪೂರ್ತಿ ಆಗಿರಲ್ಲ. ಮೂರನೇದು, ಎಲ್ಲ ಮುಗಿದಿದ್ರೂ ಗಾಯಕರೇ 'ಇದು ಚೆನ್ನಾಗಿಲ್ಲ' ಅಂತ ಆಲ್ಬಮ್‌ನಿಂದ ತೆಗೆದು ಪಕ್ಕಕ್ಕಿಟ್ಟಿದ್ದು. ನಾಲ್ಕನೇದು, ನಿಜವಾಗಿಯೂ ಮುಗಿದು, ರಿಲೀಸ್ ದಿನಕ್ಕೆ ಕಾಯ್ತಾ ಇದ್ದಿದ್ದು.

ನಾಲ್ಕನೇ ಥರದ್ದು ಬಂದ್ರೆ ಯಾರಿಗೂ ತಕರಾರಿರಲ್ಲ. ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್ 1967ರ ಡಿಸೆಂಬರ್ 10ರಂದು ವಿಮಾನ ದುರಂತದಲ್ಲಿ ಸತ್ತರು. ಅದಕ್ಕೆ ಕೆಲವೇ ದಿನ ಮುಂಚೆ ರೆಕಾರ್ಡ್ ಮಾಡಿದ್ದ 'ದಿ ಡಾಕ್ ಆಫ್ ದಿ ಬೇ' 1968ರ ಜನವರಿಯಲ್ಲಿ ಬಂತು. ಕಲಾವಿದ ಸತ್ತ ಮೇಲೆ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಹಾಡು ಅದು.

ತೊಂದರೆ ಶುರುವಾಗೋದು ಉಳಿದ ಮೂರರಲ್ಲಿ. ಅಲ್ಲಿ ಮುಗಿಸೋ ಕೆಲಸ ಬೇರೆಯವರ ಕೈಗೆ ಬರುತ್ತೆ. ಹೇಗೆ ಮುಗಿಸ್ತಾರೆ, ಏನು ಸೇರಿಸ್ತಾರೆ, ಏನು ಕತ್ತರಿಸ್ತಾರೆ ಅನ್ನೋದರ ಮೇಲೆ ಹಾಡು ಯಾರದ್ದು ಅನ್ನೋದೇ ಬದಲಾಗಬಹುದು.

ಮೈಕಲ್ ಜಾಕ್ಸನ್: ದನಿಯೇ ಅನುಮಾನಕ್ಕೆ ಬಿದ್ದಾಗ

ಇದಕ್ಕೆ ದೊಡ್ಡ ಉದಾಹರಣೆ ಮೈಕಲ್ ಜಾಕ್ಸನ್. 2009ರ ಜೂನ್ 25ರಂದು ಲಾಸ್ ಏಂಜಲೀಸ್‌ನಲ್ಲಿ ಅವರು ತೀರಿಕೊಂಡರು. ಅವರು ವಿಲ್ ಬರೆದಿಟ್ಟಿದ್ದರು, ಅದರ ಪ್ರಕಾರ ಆಸ್ತಿ ನೋಡಿಕೊಳ್ಳುವ ಎಸ್ಟೇಟ್ ಶುರುವಾಯ್ತು. 2010ರ ಮಾರ್ಚ್‌ನಲ್ಲಿ ಎಸ್ಟೇಟ್ ಮತ್ತು ಸೋನಿ ಕಂಪನಿ ನಡುವೆ ಒಪ್ಪಂದ ಆಯ್ತು. ಅದರ ಮೊತ್ತ 25 ಕೋಟಿ ಡಾಲರ್‌ವರೆಗೂ ಹೋಗಬಹುದು ಅಂತ ಆಗ ವರದಿಯಾಗಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ 'ಮೈಕಲ್' ಅನ್ನೋ ಆಲ್ಬಮ್ ಬಂತು.

ಅದರಲ್ಲಿ ಮೂರು ಹಾಡುಗಳಿದ್ವು: 'ಬ್ರೇಕಿಂಗ್ ನ್ಯೂಸ್', 'ಮಾನ್‌ಸ್ಟರ್', 'ಕೀಪ್ ಯುವರ್ ಹೆಡ್ ಅಪ್'. ಇವನ್ನು 2007ರಲ್ಲಿ ಜಾಕ್ಸನ್ ತಮ್ಮ ಪರಿಚಯದ ಕುಟುಂಬವೊಂದರ ಮನೆಯಲ್ಲಿ ಹಾಡಿದ್ದರು ಅಂತ ಹೇಳಲಾಯಿತು. ಆದ್ರೆ ಹಾಡು ಕೇಳಿದ ಅಭಿಮಾನಿಗಳು 'ಇದು ನಮ್ಮ ಮೈಕಲ್ ದನಿ ಅಲ್ಲ' ಅಂದ್ರು. ಜಾಕ್ಸನ್ ಕುಟುಂಬದವರೇ ಕೆಲವರು ಅನುಮಾನ ವ್ಯಕ್ತಪಡಿಸಿದ್ರು. ತಜ್ಞರಿಂದ ಪರೀಕ್ಷೆ ಮಾಡಿಸಿದ್ದೇವೆ, ದನಿ ಅವರದ್ದೇ ಅಂತ ಎಸ್ಟೇಟ್ ಹೇಳಿತು.

2014ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಅಭಿಮಾನಿ ಕೋರ್ಟಿಗೆ ಹೋದ್ರು. ಅವರ ವಾದ ಬಹಳ ಸರಳ. ಆಲ್ಬಮ್ ಕವರ್ ಮೇಲೆ ಇದು ಜಾಕ್ಸನ್ ಹಾಡಿದ್ದು ಅಂತ ಬರೆದು ಮಾರಿದ್ದೀರಿ, ಅದು ಸುಳ್ಳಾದರೆ ಗ್ರಾಹಕಳಾಗಿ ನನಗೆ ಮೋಸ ಆಗಿದೆ ಅಂತ. ಅಂದ್ರೆ ಕೇಳುಗನ ಹಕ್ಕು ಇಲ್ಲಿ ಗ್ರಾಹಕನ ಹಕ್ಕಾಗಿ ಬಂತು. ಕೇಸು ಎಂಟು ವರ್ಷ ಎಳೆಯಿತು. 2022ರಲ್ಲಿ ಆ ಮೂರೂ ಹಾಡುಗಳನ್ನು ಸ್ಟ್ರೀಮಿಂಗ್‌ನಿಂದ ತೆಗೆದರು, ಆಮೇಲೆ ಎರಡೂ ಕಡೆಯವರು ರಾಜಿಯಾದರು. ಹಾಡು ತೆಗೆದಿದ್ದಕ್ಕೂ ದನಿ ಅಸಲಿಯೋ ನಕಲಿಯೋ ಅನ್ನೋದಕ್ಕೂ ಸಂಬಂಧ ಇಲ್ಲ ಅಂತ ಕಂಪನಿ ಕಡೆಯವರು ಹೇಳಿದರು. ಅದೇ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು: ಹಾಡು ಕಲೆ ಇರಬಹುದು, ಆದರೆ ಅದನ್ನು ಮಾರಲು ಕವರ್ ಮೇಲೆ ಬರೆಯೋ ಮಾತು ವ್ಯಾಪಾರದ ಮಾತು. ಅದಕ್ಕೆ ಗ್ರಾಹಕ ಕಾನೂನು ಅನ್ವಯಿಸುತ್ತೆ.

ಹಾಗಿದ್ರೆ ಆ ದನಿ ಯಾರದ್ದು? ರಾಜಿ ಆಗಿದ್ದರಿಂದ ಆ ಪ್ರಶ್ನೆಗೆ ಕೋರ್ಟಿನಲ್ಲಿ ತೀರ್ಪೇ ಬರಲಿಲ್ಲ. 'ನಾನು ಹಾಡಿದ್ದೇನೆ' ಅಥವಾ 'ಹಾಡಿಲ್ಲ' ಅಂತ ಹೇಳಬಹುದಾಗಿದ್ದ ಒಬ್ಬರೇ ವ್ಯಕ್ತಿ ಇಲ್ವಲ್ಲ.

ಇದೇ ಎಸ್ಟೇಟ್ 2014ರಲ್ಲಿ 'ಎಕ್ಸ್‌ಸ್ಕೇಪ್' ಅಂತ ಇನ್ನೊಂದು ಆಲ್ಬಮ್ ತಂತು. ಈ ಸಲ ಎಂಟು ಹಳೇ ಹಾಡುಗಳಿಗೆ ಹೊಸ ಸಂಗೀತ ಹಾಕಿದರು. ಆದರೆ ಡೀಲಕ್ಸ್ ಆವೃತ್ತಿಯಲ್ಲಿ ಜಾಕ್ಸನ್ ಬಿಟ್ಟು ಹೋಗಿದ್ದ ಮೂಲ ರೆಕಾರ್ಡಿಂಗ್‌ಗಳನ್ನೂ ಜೊತೆಗೇ ಕೊಟ್ಟರು. ಅವರು ಮಾಡಿದ್ದು ಯಾವುದು, ನಾವು ಸೇರಿಸಿದ್ದು ಯಾವುದು ಅಂತ ಕೇಳುಗರೇ ಹೋಲಿಸಿ ನೋಡಬಹುದಿತ್ತು. ಹಾಡು ಇಷ್ಟ ಆಗೋದು ಬಿಡೋದು ಬೇರೆ ಮಾತು. ಮುಚ್ಚುಮರೆ ಇರಲಿಲ್ಲ.

ನಾಶ ಮಾಡಿದವರು, ಮುಗಿಸಿ ಕೊಟ್ಟವರು

ಈಗ ಇದಕ್ಕೆ ಪೂರ್ತಿ ಉಲ್ಟಾ ಕಥೆ. ಬ್ರಿಟನ್ನಿನ ಏಮಿ ವೈನ್‌ಹೌಸ್ 2011ರ ಜುಲೈ 23ರಂದು ತೀರಿಕೊಂಡಾಗ ವಯಸ್ಸು ಬರೀ 27. ಬದುಕಿದ್ದಾಗ ಬಂದಿದ್ದು ಎರಡೇ ಸ್ಟುಡಿಯೋ ಆಲ್ಬಮ್. ಅದೇ ಡಿಸೆಂಬರ್‌ನಲ್ಲಿ ಉಳಿದ ರೆಕಾರ್ಡಿಂಗ್‌ಗಳನ್ನು ಸೇರಿಸಿ 'ಲಯನೆಸ್: ಹಿಡನ್ ಟ್ರೆಷರ್ಸ್' ಅಂತ ಒಂದು ಸಂಗ್ರಹ ಬಂತು. ಆಮೇಲೆ 2015ರಲ್ಲಿ ಯೂನಿವರ್ಸಲ್ ಮ್ಯೂಸಿಕ್‌ನ ಬ್ರಿಟನ್ ಮುಖ್ಯಸ್ಥ ಡೇವಿಡ್ ಜೋಸೆಫ್ ಒಂದು ಸುದ್ದಿ ಹೊರಗೆ ಹಾಕಿದರು. ಮೂರನೇ ಆಲ್ಬಮ್‌ಗಾಗಿ ಏಮಿ ಮಾಡಿಟ್ಟಿದ್ದ ಡೆಮೊಗಳನ್ನೆಲ್ಲ ನಾಶ ಮಾಡಿಬಿಟ್ಟಿದ್ದೇನೆ ಅಂದರು. ಮುಂದೆ ಇನ್ಯಾರೋ ಬಂದು ಅವಳ ದನಿಯ ತುಣುಕು ತೆಗೆದು ಏನೋ ಒಂದು ಮಾಡಬಾರದು ಅನ್ನೋದು ಅವರ ಕಾರಣ.

ಕೇಳಿದ ತಕ್ಷಣ 'ಭಲೇ' ಅನ್ನಿಸುತ್ತೆ. ದುಡ್ಡು ಬರೋ ಹಾಡನ್ನೇ ಕಂಪನಿಯವರು ನಾಶ ಮಾಡೋದು ಸಾಮಾನ್ಯ ಅಲ್ಲ. ಆದ್ರೆ ಇನ್ನೊಂದು ಮುಖನೂ ಇದೆ. ನಾಶ ಮಾಡಿ ಅಂತ ಏಮಿ ಹೇಳಿದ್ದರಾ? ಜೋಸೆಫ್ ಹೇಳಿದ ಕಾರಣದಲ್ಲಿ ಆ ಮಾತಿಲ್ಲ. ರಿಲೀಸ್ ಮಾಡೋದು ಹೇಗೆ ಒಬ್ಬರ ತೀರ್ಮಾನವೋ, ನಾಶ ಮಾಡೋದೂ ಹಾಗೇ ಒಬ್ಬರ ತೀರ್ಮಾನ. ರಿಲೀಸ್ ಆದ ಹಾಡನ್ನು ವಾಪಸ್ ತಗೋಬಹುದು, ನಾಶವಾದ ಟೇಪ್ ಮತ್ತೆ ಬರಲ್ಲ.

ಹಾಗಾದ್ರೆ ಸರಿಯಾಗಿ ಆಗಿದ್ದು ಇದೆಯಾ? ಇದೆ. ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ 1991ರ ನವೆಂಬರ್ 24ರಂದು ತೀರಿಕೊಂಡರು. ಅದಕ್ಕೆ ಮುಂಚೆ, ಏಡ್ಸ್‌ನಿಂದ ದೇಹ ಸೋಲ್ತಾ ಇದ್ದಾಗಲೇ, ಸ್ವಿಟ್ಜರ್ಲೆಂಡ್‌ನ ಮಾಂಟ್ರೋ ಸ್ಟುಡಿಯೋದಲ್ಲಿ ಆದಷ್ಟು ಹಾಡಿ ಇಟ್ಟರು. ನಾನು ಹಾಡಿಡ್ತೀನಿ, ನೀವು ಆಮೇಲೆ ಪೂರ್ತಿ ಮಾಡಿ ಅನ್ನೋದು ಅವರ ಇಚ್ಛೆ ಆಗಿತ್ತು ಅಂತ ಜೊತೆಗಾರರು ಹೇಳಿದ್ದಾರೆ. 'ಮದರ್ ಲವ್' ಹಾಡಿನ ಕೊನೆಯ ಚರಣ ಹಾಡೋಕೆ ಅವರಿಂದ ಆಗಲಿಲ್ಲ. ಆ ಚರಣವನ್ನು ಗಿಟಾರಿಸ್ಟ್ ಬ್ರಯಾನ್ ಮೇ ತಮ್ಮ ದನಿಯಲ್ಲೇ ಹಾಡಿದರು. ಫ್ರೆಡ್ಡಿ ಥರ ಅನುಕರಣೆ ಮಾಡಲಿಲ್ಲ. 1995ರಲ್ಲಿ ಬಂದ 'ಮೇಡ್ ಇನ್ ಹೆವನ್' ಆಲ್ಬಮ್‌ನಲ್ಲಿ ಇವತ್ತಿಗೂ ಕೇಳಿದ್ರೆ, ಫ್ರೆಡ್ಡಿ ನಿಂತ ಜಾಗ ಯಾವುದು ಅಂತ ಗೊತ್ತಾಗುತ್ತೆ.

ಇತ್ತೀಚಿನ ಉದಾಹರಣೆ ಅಮೆರಿಕದ ರ್‍ಯಾಪರ್ ಮ್ಯಾಕ್ ಮಿಲ್ಲರ್. 2018ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡಾಗ 'ಸರ್ಕಲ್ಸ್' ಆಲ್ಬಮ್ ಅರ್ಧ ಆಗಿತ್ತು. ಅದನ್ನು ಮುಗಿಸಿದ್ದು ಯಾರೋ ಹೊರಗಿನವರಲ್ಲ. ಮ್ಯಾಕ್ ಬದುಕಿದ್ದಾಗಲೇ ಆ ಆಲ್ಬಮ್ ಮೇಲೆ ಅವರ ಜೊತೆ ಕೂತಿದ್ದ ನಿರ್ಮಾಪಕ ಜಾನ್ ಬ್ರಯನ್. 2020ರ ಜನವರಿಯಲ್ಲಿ ಅದು ಬಂದಾಗ ಕುಟುಂಬದವರೇ ಇದನ್ನೆಲ್ಲ ಬಿಡಿಸಿ ಹೇಳಿದ್ದರು.

ವ್ಯತ್ಯಾಸ ಗಮನಿಸಿದ್ರಾ? ಹಾಡು ಅರ್ಧ ಆಗಿತ್ತಾ ಪೂರ್ತಿ ಆಗಿತ್ತಾ ಅನ್ನೋದಕ್ಕಿಂತ, ಹೋದವರ ಮನಸ್ಸು ಏನಿತ್ತು ಅಂತ ಗೊತ್ತಿತ್ತಾ, ಗೊತ್ತಿದ್ದವರೇ ಮುಗಿಸಿದ್ರಾ, ಆಮೇಲೆ ಅದನ್ನು ನಮಗೆ ಹೇಳಿದ್ರಾ ಅನ್ನೋದು ಮುಖ್ಯ.

ಏನೂ ಬರೆದಿಡದೇ ಹೋದರೆ?

ಪ್ರಿನ್ಸ್ ಅಂತ ಒಬ್ಬ ದೊಡ್ಡ ಪಾಪ್ ತಾರೆ ಇದ್ದರು. ಬದುಕಿದ್ದಾಗ ತಮ್ಮ ಹಾಡಿನ ಮೇಲೆ ತಮ್ಮದೇ ಹಿಡಿತ ಇರಬೇಕು ಅಂತ ಮ್ಯೂಸಿಕ್ ಕಂಪನಿ ಜೊತೆ ಜಗಳಕ್ಕೆ ನಿಂತವರು, 1993ರಲ್ಲಿ ತಮ್ಮ ಹೆಸರನ್ನೇ ಒಂದು ಚಿಹ್ನೆಗೆ ಬದಲಾಯಿಸಿಕೊಂಡವರು. ಅಂಥವರು 2016ರ ಏಪ್ರಿಲ್ 21ರಂದು ತೀರಿಕೊಂಡಾಗ ಒಂದು ವಿಲ್ ಕೂಡ ಸಿಗಲಿಲ್ಲ. ಮಿನ್ನೆಸೋಟಾದ ಅವರ ಪೇಸ್ಲಿ ಪಾರ್ಕ್ ಸ್ಟುಡಿಯೋದ ಖಜಾನೆ ಕೋಣೆಯಲ್ಲಿ ರಾಶಿ ರಾಶಿ ಟೇಪುಗಳಿದ್ವು. ಕೋರ್ಟು ಆರು ಜನ ಒಡಹುಟ್ಟಿದವರನ್ನು ವಾರಸುದಾರರು ಅಂತ ಗುರುತಿಸಿತು. ಎಸ್ಟೇಟ್ ನೋಡಿಕೊಳ್ಳೋಕೆ ಬ್ಯಾಂಕ್ ಬಂತು, ಟ್ರಸ್ಟ್ ಕಂಪನಿ ಬಂತು. ಟೇಪುಗಳನ್ನು ಮಿನ್ನೆಸೋಟಾದಿಂದ ಲಾಸ್ ಏಂಜಲೀಸ್‌ಗೆ ಸಾಗಿಸಿದ್ದೇ ವಾರಸುದಾರರ ನಡುವೆ ದೊಡ್ಡ ವಿವಾದವಾಯ್ತು. ಆಸ್ತಿ ಬೆಲೆ ಎಷ್ಟು ಅಂತ ತೆರಿಗೆ ಇಲಾಖೆ ಜೊತೆ ಒಪ್ಪಂದಕ್ಕೆ ಬರೋಷ್ಟರಲ್ಲಿ 2022 ಬಂದಿತ್ತು. ಅದು 15.64 ಕೋಟಿ ಡಾಲರ್ ಅಂತ ಲೆಕ್ಕ ಹಾಕಿದರು.

ಈ ಮಧ್ಯೆ 2018ರಲ್ಲಿ 'ಪಿಯಾನೊ ಅಂಡ್ ಎ ಮೈಕ್ರೋಫೋನ್ 1983', 2021ರಲ್ಲಿ 'ವೆಲ್‌ಕಮ್ 2 ಅಮೆರಿಕ' ಹೊರಬಂದವು. ಕೇಳೋಕೆ ಚೆನ್ನಾಗೇ ಇವೆ. ಆದ್ರೆ ತಮ್ಮ ಹಾಡು ಯಾವಾಗ, ಹೇಗೆ ಹೊರಗೆ ಬರಬೇಕು ಅಂತ ಜೀವನಪೂರ್ತಿ ಹೋರಾಡಿದ ಮನುಷ್ಯನ ಖಜಾನೆ ಕೀಲಿ, ಒಂದು ಹಾಳೆ ಬರೆದಿಡದ ಕಾರಣಕ್ಕೆ, ಬೇರೆಯವರ ಕೈಗೆ ಹೋಯ್ತು.

ಇದನ್ನೆಲ್ಲ ನೋಡಿದ ಗಾಯಕ ಆಂಡರ್ಸನ್ ಪಾಕ್ 2021ರಲ್ಲಿ ಒಂದು ಕೆಲಸ ಮಾಡಿದರು. ನಾನು ಹೋದ ಮೇಲೆ ನನ್ನ ಹೆಸರಲ್ಲಿ ಹಾಡು, ಆಲ್ಬಮ್ ಏನೂ ರಿಲೀಸ್ ಮಾಡಬೇಡಿ ಅನ್ನೋ ಅರ್ಥದ ಮಾತನ್ನು ಕೈ ಮೇಲೆ ಹಚ್ಚೆ ಹಾಕಿಸಿಕೊಂಡರು. ಹಚ್ಚೆ ನೋಡಿ ನಗು ಬರಬಹುದು, ಹೇಳಿದ ವಿಷಯ ಮಾತ್ರ ನಗೋದಲ್ಲ.

ನಮ್ಮ ಕಾನೂನು ಏನು ಹೇಳುತ್ತೆ?

ಭಾರತದಲ್ಲಿ ಇದಕ್ಕೆ ಮುಖ್ಯ ಆಧಾರ 1957ರ ಕೃತಿಸ್ವಾಮ್ಯ ಕಾಯ್ದೆ. ಒಂದು ಹಾಡಿನಲ್ಲಿ ಒಂದೇ ಹಕ್ಕು ಇರಲ್ಲ, ಹಲವು ಹಕ್ಕುಗಳಿರ್ತವೆ. ಸಾಹಿತ್ಯದ್ದು ಬೇರೆ, ರಾಗ ಸಂಯೋಜನೆಯದ್ದು ಬೇರೆ, ರೆಕಾರ್ಡಿಂಗ್‌ದು ಬೇರೆ, ಹಾಡಿದವರದ್ದು ಬೇರೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಬದುಕಿದ್ದಾಗ ಪ್ರಕಟವಾಗದೇ ಸತ್ತ ಮೇಲೆ ಪ್ರಕಟವಾದ ಕೃತಿಗೆ ಪ್ರಕಟವಾದಲ್ಲಿಂದ 60 ವರ್ಷ. ಅಂದ್ರೆ ತಡವಾಗಿ ಹೊರಬಂದಷ್ಟೂ ಹಕ್ಕಿನ ಗಡಿಯಾರ ತಡವಾಗಿ ಶುರು. ಪ್ರದರ್ಶನ ಕೊಟ್ಟ ಗಾಯಕರ ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿಯಲ್ಲಿ ಗಾಯಕರಿಗೂ ನೈತಿಕ ಹಕ್ಕು ಸಿಕ್ಕಿತು. ನನ್ನ ಹೆಸರು ಹಾಕಿ, ನನ್ನ ಗೌರವಕ್ಕೆ ಧಕ್ಕೆ ಆಗೋ ಹಾಗೆ ನನ್ನ ಹಾಡನ್ನು ತಿರುಚಬೇಡಿ ಅಂತ ಹೇಳೋ ಹಕ್ಕು ಅದು.

ಮೂಸೆವಾಲಾ ವಿಷಯಕ್ಕೆ ಮತ್ತೆ ಬರೋಣ. ಅವರು ಹೋದ ಕೆಲವೇ ದಿನಗಳಲ್ಲಿ ಅವರ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ಒಂದು ಮನವಿ ಬಂತು. ಮುಗಿದಿರಲಿ, ಮುಗಿಯದೇ ಇರಲಿ, ಯಾರ ಹತ್ತಿರ ಅವರ ಹಾಡಿದ್ದರೂ ಲೀಕ್ ಮಾಡಬೇಡಿ, ತಂದೆಗೆ ಒಪ್ಪಿಸಿ ಅಂತ. ಆಮೇಲೆ ಅವರ ದನಿ ಇರುವ 'ಜಾಂದಿ ವಾರ್' ಅನ್ನೋ ಹಾಡು 2022ರ ಸೆಪ್ಟೆಂಬರ್‌ನಲ್ಲಿ ರಿಲೀಸ್ ಆಗುತ್ತೆ ಅಂತ ಪ್ರಕಟಣೆ ಬಂದಾಗ ಅಪ್ಪ ಅಮ್ಮ ಕೋರ್ಟಿಗೆ ಹೋದರು, ಮಾನ್ಸಾ ಕೋರ್ಟು ತಡೆ ಕೊಟ್ಟಿತು. ಹಾಡು ಒಬ್ಬರ ಹಾರ್ಡ್ ಡಿಸ್ಕ್‌ನಲ್ಲಿದೆ ಅಂದ ಮಾತ್ರಕ್ಕೆ ಅದು ಅವರದ್ದಾಗಲ್ಲ ಅನ್ನೋದು ಇದರಿಂದ ತಿಳಿಯುತ್ತೆ.

ಆದ್ರೆ ಕಾನೂನಿನಲ್ಲಿ ಒಂದು ದೊಡ್ಡ ಕಂದಕ ಇದೆ. ಹಾಡಿಗೆ ಹಕ್ಕಿದೆ, ದನಿಗೆ? ಸುಶಾಂತ್ ಸಿಂಗ್ ರಜಪೂತ್ ತಂದೆ ಹಾಕಿದ್ದ ಕೇಸಿನಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ, ವ್ಯಕ್ತಿಯ ಖಾಸಗಿತನ ಮತ್ತು ವ್ಯಕ್ತಿತ್ವದ ಹಕ್ಕುಗಳು ಅವರ ಸಾವಿನ ಜೊತೆಗೇ ಮುಗಿಯುತ್ತವೆ, ವಾರಸುದಾರರಿಗೆ ಬರಲ್ಲ ಅಂತ ಹೇಳಿತು. ಅದು ಸಿನಿಮಾ ಕುರಿತ ಕೇಸು. ಆದ್ರೆ ಎಐ ಕಾಲದಲ್ಲಿ ಈ ಮಾತಿನ ತೂಕವೇ ಬೇರೆ.

ಎಐ ಬಂದ ಮೇಲೆ ಆಟವೇ ಬೇರೆ

ಇಲ್ಲಿ ಎರಡು ವಿಷಯ ಬೇರೆ ಬೇರೆ ಮಾಡ್ಕೋಬೇಕು. ಒಂದು, ಇದ್ದ ದನಿಯನ್ನು ಹೆಕ್ಕಿ ತೆಗೆಯೋದು. ಬೀಟಲ್ಸ್‌ನ ಜಾನ್ ಲೆನನ್ 1970ರ ದಶಕದಲ್ಲಿ ಪಿಯಾನೊ ಬಾರಿಸ್ತಾ ಕ್ಯಾಸೆಟ್‌ನಲ್ಲಿ ಹಾಡಿಟ್ಟ 'ನೌ ಅಂಡ್ ದೆನ್' 1995ರ ಸುಮಾರಿಗೆ ಉಳಿದ ಮೂವರಿಂದಲೂ ಮುಗಿಯಲಿಲ್ಲ, ಕ್ಯಾಸೆಟ್ ಗುಣಮಟ್ಟ ಅಷ್ಟು ಕೆಟ್ಟಿತ್ತು. ಮಷೀನ್ ಲರ್ನಿಂಗ್ ಬಳಸಿ ಪಿಯಾನೊದಿಂದ ದನಿಯನ್ನು ಬೇರ್ಪಡಿಸಿದ ಮೇಲೆ 2023ರ ನವೆಂಬರ್‌ನಲ್ಲಿ ಹಾಡು ಬಂತು. ಅಲ್ಲಿ ಹೊಸ ದನಿ ಸೃಷ್ಟಿ ಮಾಡಿಲ್ಲ, ಮಸಿ ಹಿಡಿದ ಪಾತ್ರೆ ಉಜ್ಜಿದ ಹಾಗೆ.

ಇನ್ನೊಂದು, ಹಾಡದೇ ಇದ್ದ ಹಾಡನ್ನು ಅವರ ದನಿಯಲ್ಲಿ ಹಾಡಿಸೋದು. ಎ.ಆರ್. ರೆಹಮಾನ್ 2024ರಲ್ಲಿ 'ಲಾಲ್ ಸಲಾಂ' ತಮಿಳು ಸಿನಿಮಾಗೆ ತೀರಿಕೊಂಡಿದ್ದ ಬಾಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ದನಿಗಳನ್ನು ಎಐನಿಂದ ಬಳಸಿದರು. ಕುಟುಂಬದವರ ಅನುಮತಿ ತಗೊಂಡು, ಸಂಭಾವನೆ ಕೊಟ್ಟಿದ್ದೇನೆ ಅಂತ ಅವರು ತಿಳಿಸಿದರು. ಅದೇ ಸುಮಾರಿಗೆ, ನಾವೆಲ್ಲ ಕೇಳ್ತಾ ಬೆಳೆದ ಎಸ್‌ಪಿಬಿ ದನಿಯನ್ನು ತೆಲುಗು ಸಿನಿಮಾವೊಂದರಲ್ಲಿ ಒಪ್ಪಿಗೆ ಇಲ್ಲದೇ ಎಐನಿಂದ ಬಳಸಿದ್ದಾರೆ ಅಂತ ಮಗ ಚರಣ್ ಲೀಗಲ್ ನೋಟಿಸ್ ಕಳಿಸಿದರು.

ನಮ್ಮ ಕನ್ನಡದವರಿಗೆ ಈ ಪ್ರಶ್ನೆ ಮೊದಲೇ ಎದುರಾಗಿತ್ತು. ಅಪ್ಪು 2021ರ ಅಕ್ಟೋಬರ್ 29ರಂದು ಹೋದಾಗ 'ಜೇಮ್ಸ್' ಡಬ್ಬಿಂಗ್ ಆಗಿರಲಿಲ್ಲ. 2022ರ ಮಾರ್ಚ್ 17ಕ್ಕೆ ಸಿನಿಮಾ ಬಂದಾಗ ತಮ್ಮನಿಗೆ ಅಣ್ಣ ಶಿವಣ್ಣ ದನಿ ಕೊಟ್ಟಿದ್ದರು. ಆಮೇಲೆ ಏಪ್ರಿಲ್‌ನಲ್ಲಿ ತಂತ್ರಜ್ಞಾನದ ಸಹಾಯದಿಂದ ಅಪ್ಪು ದನಿಯಲ್ಲೇ ಮತ್ತೆ ಚಿತ್ರಮಂದಿರಕ್ಕೆ ತಂದರು. ಎರಡೂ ಸಲ ತೆರೆ ಮೇಲೆ ಕೇಳ್ತಿರೋದು ಯಾರ ದನಿ, ಹೇಗೆ ಬಂತು ಅಂತ ಪ್ರೇಕ್ಷಕರಿಗೆ ಗೊತ್ತಿತ್ತು. ಗೊತ್ತಿದ್ದೇ ಅತ್ತರು, ಗೊತ್ತಿದ್ದೇ ಶಿಳ್ಳೆ ಹೊಡೆದರು.

ಹಾಗಾದ್ರೆ ಕೇಳಬೇಕಾ, ಬೇಡವಾ?

'ಕೇಳಲೇಬೇಡಿ' ಅಂತ ನಾವು ಹೇಳಲ್ಲ. ರಿಲೀಸೇ ಬೇಡ ಅಂದಿದ್ದರೆ ಫ್ರೆಡ್ಡಿಯ ಕೊನೆಯ ಹಾಡುಗಳೂ ನಮಗೆ ಸಿಗ್ತಿರಲಿಲ್ಲ. ಮುಂದಿನ ಸಲ ಅಂಥ ನೋಟಿಫಿಕೇಶನ್ ಬಂದಾಗ ಪ್ಲೇ ಒತ್ತೋ ಮುಂಚೆ ಮೂರು ಪ್ರಶ್ನೆ ಕೇಳಿ ನೋಡಿ, ಅಷ್ಟೇ. ಒಂದು, ಇದು ಹೊರಗೆ ಬರಲಿ ಅಂತ ಅವರು ಬಯಸಿದ್ದಕ್ಕೆ ಏನಾದ್ರೂ ಸುಳಿವು ಇದೆಯಾ? ಎರಡು, ಮುಗಿಸಿದವರು ಯಾರು, ಅವರ ಜೊತೆ ಕೆಲಸ ಮಾಡಿದವರಾ? ಮೂರು, ಏನೇನು ಸೇರಿಸಿದ್ದೀವಿ, ಎಐ ಎಷ್ಟು ಬಳಸಿದ್ದೀವಿ ಅಂತ ಕ್ರೆಡಿಟ್ಸ್‌ನಲ್ಲಿ ಬರೆದಿದ್ದಾರಾ? ಮೂರಕ್ಕೂ ಉತ್ತರ ಸಿಗಲಿಲ್ಲ ಅಂದ್ರೆ, ನೀವು ಕೇಳ್ತಿರೋದು ಆ ಗಾಯಕರ ಹಾಡಲ್ಲ, ಅವರ ಹೆಸರಲ್ಲಿ ಬಂದ ಒಂದು ಸರಕು ಅಂತ ತಿಳ್ಕೊಳ್ಳಿ. ಲೀಕ್ ಆದ ಫೈಲ್ ವಾಟ್ಸ್‌ಆ್ಯಪ್‌ನಲ್ಲಿ ಬಂದ್ರೆ ಮುಂದಕ್ಕೆ ಕಳಿಸಬೇಡಿ. ಅದಕ್ಕೆ ಯಾರ ಒಪ್ಪಿಗೆಯೂ ಇರಲ್ಲ.

ಕೊನೇ ಮಾತು, ನಮ್ಮ ಕೇಳುಗರಲ್ಲಿ ಹಾಡೋರು, ರ್‍ಯಾಪ್ ಬರೆಯೋರು, ಬೀಟ್ ಮಾಡೋರು ಬಹಳ ಜನ ಇದ್ದೀರಿ. ನಿಮ್ಮ ಫೋನಿನ ವಾಯ್ಸ್ ರೆಕಾರ್ಡರ್‌ನಲ್ಲಿ ಎಷ್ಟು ಅರ್ಧ ಹಾಡುಗಳಿವೆ? ಅದಕ್ಕೆ ದೊಡ್ಡ ವಕೀಲರೇ ಬೇಕು ಅಂತಿಲ್ಲ. ಯಾವುದು ಮುಗಿದಿದೆ, ಯಾವುದು ಸುಮ್ನೆ ಗುನುಗಿದ್ದು, ಯಾವುದನ್ನ ಯಾರೂ ಕೇಳಬಾರದು ಅಂತ ಹೆಸರು ಹಾಕಿ ಬೇರೆ ಬೇರೆ ಫೋಲ್ಡರ್‌ನಲ್ಲಿ ಇಡಿ, ನಂಬಿಕೆ ಇರೋ ಒಬ್ಬರಿಗೆ ಹೇಳಿಡಿ. ಪ್ರಿನ್ಸ್ ಅಂಥ ಪ್ರಿನ್ಸೇ ಅಷ್ಟು ಮಾಡಿರಲಿಲ್ಲ.

ಈ ಸಂಚಿಕೆ ಬಗ್ಗೆ ನಿಮ್ಮ ಅಭಿಪ್ರಾಯ ಏನು, ನೀವಾಗಿದ್ರೆ ಏಮಿ ಡೆಮೊಗಳನ್ನು ಏನು ಮಾಡ್ತಿದ್ರಿ, ನಮಗೆ ಬರೆದು ತಿಳಿಸಿ.